ಕಾರಿಗೆ ಮೊದಲು ಕೀಗೆ ಕಾವಲು

ಮೈಸೂರಿನಲ್ಲಿ ನಮ್ಮ ಭಾವನ ಮನೆ ನೆಲಮಹಡಿಯಲ್ಲಿದೆ. ಬಾಗಿಲ ಪಕ್ಕದ ಗೋಡೆಗೆ ಚನ್ನಪಟ್ಟಣದ ಮರದ ಕೀ ಸ್ಟ್ಯಾಂಡ್, ಅದಕ್ಕೆ ಐದು ಕೊಕ್ಕೆ. ಅಲ್ಲಿಂದ ಎರಡು ಮೊಳ ದೂರಕ್ಕೆ ಕಿಟಕಿ. ಏಪ್ರಿಲ್ ಸೆಕೆಗೆ ಆ ರಾತ್ರಿ ಕಿಟಕಿಯ ಒಂದು ಬಾಗಿಲು ತೆರೆದೇ ಇತ್ತು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಹೊರಗೆ ಬಂದ ಅಕ್ಕನಿಗೆ ಗೇಟು ಹಾರುಹೊಡೆದದ್ದು ಕಂಡಿತು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಕಿಟಕಿಯ ಕೆಳಗೆ, ಹೂಕುಂಡದ ಪಕ್ಕ, ತುದಿಗೆ ಬಾಗಿಸಿದ ತಂತಿ ಕಟ್ಟಿದ ಒಂದು ಕೋಲು ಬಿದ್ದಿತ್ತು. ಮಾವಿನಕಾಯಿ ಕೀಳುವ ದೋಟಿಯ ತಮ್ಮನ ಹಾಗೆ.

ಗಾಜು ಒಡೆದಿರಲಿಲ್ಲ, ಅಲಾರಂ ಕೂಗಿರಲಿಲ್ಲ. ಕೀಯನ್ನು ಕಿಟಕಿಯಿಂದ ಎಳೆದುಕೊಂಡ ಮೇಲೆ ಕಳ್ಳನಿಗೆ ಆ ಕಷ್ಟಗಳು ಯಾವುವೂ ಬೇಕಿರಲಿಲ್ಲ.

ಈಗಿನ ಕಾರುಗಳ ಬೀಗ ಗಟ್ಟಿಯೇ. ತಂತಿ ಜೋಡಿಸಿ ಇಂಜಿನ್ ಎಬ್ಬಿಸುವ ಕಾಲ ಹೋಯಿತು. ಹಾಗಾಗಿ ಕಳ್ಳರು ಒಂದೋ ಕೀಯನ್ನೇ ಕದಿಯುತ್ತಾರೆ, ಇಲ್ಲವೇ ಕೀಯ ಸಿಗ್ನಲ್ ಕದಿಯುತ್ತಾರೆ, ಇಲ್ಲವೇ ಕಾರಿನೊಳಗೆ ಕುಳಿತು ಹೊಸ ಕೀ ಹುಟ್ಟಿಸುತ್ತಾರೆ. ಏನೇನು ಮಾಡಬೇಕು ಎಂಬುದನ್ನು ಕೆಲಸ ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಮೊದಲ ಹೆಜ್ಜೆಗೆ ಒಂದು ಪೈಸೆ ಖರ್ಚಿಲ್ಲ.

ಹೆಜ್ಜೆ 1: ಇವತ್ತು ರಾತ್ರಿಯೇ ಕೀ ಎಣಿಸಿ

ಕಾರು ಕೊಂಡಾಗ ಸಾಮಾನ್ಯವಾಗಿ ಎರಡು ಕೀ ಕೊಟ್ಟಿರುತ್ತಾರೆ. ಎರಡನೆಯದು ಎಲ್ಲಿದೆ? ಈ ಪ್ರಶ್ನೆಗೆ ತಟ್ಟನೆ ಉತ್ತರ ಹೇಳುವವರು ಕಡಿಮೆ. ಹುಡುಕಿ ತೆಗೆಯಿರಿ. ಬಹಳ ಮಂದಿ ಅದನ್ನು ಕಾರಿನ ಗ್ಲವ್ ಬಾಕ್ಸಿನಲ್ಲೇ ಇಟ್ಟು ಮರೆತಿರುತ್ತಾರೆ. ಲ್ಯಾಪ್‌ಟಾಪ್ ಬ್ಯಾಗಿಗಾಗಿ ಗಾಜು ಒಡೆದವನಿಗೆ ಕಾರೂ ಸಿಕ್ಕಿಬಿಡುತ್ತದೆ.

ಕೆಲವು ಕಾರುಗಳ ಕೀ ಜೊತೆ ಸಂಖ್ಯೆ ಕೆತ್ತಿದ ಸಣ್ಣ ಲೋಹದ ತಗಡು ಬರುತ್ತದೆ. ಆ ಸಂಖ್ಯೆ ಇದ್ದರೆ ಹೊಸ ಕೀ ಕತ್ತರಿಸಬಹುದು. ಅದನ್ನು ಕೀ ಗೊಂಚಲಿನಲ್ಲಿ ನೇತುಹಾಕಿಕೊಂಡು ತಿರುಗಬೇಡಿ. ತೆಗೆದು ಆರ್‌ಸಿ, ವಿಮೆ ಕಾಗದಗಳ ಜೊತೆ ಮನೆಯ ಬೀರುವಿನಲ್ಲಿಡಿ.

ದಿನಬಳಕೆಯ ಕೀಯನ್ನು ಬಾಗಿಲ ಪಕ್ಕದ ಕೊಕ್ಕೆ, ಟಿವಿ ಮೇಲಿನ ತಟ್ಟೆ, ಚಪ್ಪಲಿ ಗೂಡು ಇಲ್ಲೆಲ್ಲ ಇಡಬೇಡಿ. ಕಿಟಕಿಯಿಂದ ಕಣ್ಣಿಗೆ ಬೀಳಬಾರದು, ಕೋಲಿಗೆ ಎಟುಕಬಾರದು. ಮಲಗುವ ಕೋಣೆಯ ಡ್ರಾಯರ್ ಸಾಕು. ಕೀ ಗೊಂಚಲಿಗೆ ಕಾರಿನ ನಂಬರು, ಮನೆ ವಿಳಾಸ ಬರೆದ ಚೀಟಿ ಕಟ್ಟುವ ಅಭ್ಯಾಸ ಇದ್ದರೆ ಬಿಡಿ. ಕಳೆದುಹೋದ ಕೀ ಸಿಕ್ಕವನು ಒಳ್ಳೆಯವನೇ ಆಗಿರಬೇಕೆಂದಿಲ್ಲ.

ಎರಡನೆಯ ಕೀ ಬಗ್ಗೆ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣ ಇದೆ. ಕಾರು ಕಳವಾಗಿ ವಿಮೆ ಹಣ ಕೇಳಲು ಹೋದಾಗ ಕಂಪನಿಯವರು ಎರಡೂ ಅಸಲಿ ಕೀ ತನ್ನಿ ಎನ್ನುತ್ತಾರೆ. ಒಂದೇ ಇದ್ದರೆ, 'ಇನ್ನೊಂದು ಎಲ್ಲಿ ಸ್ವಾಮಿ, ಕಾರಿನಲ್ಲೇ ಬಿಟ್ಟಿದ್ದಿರಾ?' ಎಂಬ ಪ್ರಶ್ನೆ ಶುರುವಾಗುತ್ತದೆ. ಭಾವನನ್ನು ಉಳಿಸಿದ್ದು ದೂರಿನ ಒಂದು ಸಾಲು. ಕೀಯನ್ನು ಕಿಟಕಿಯಿಂದ ಕದ್ದಿದ್ದಾರೆ, ಕೋಲು ಸಿಕ್ಕಿದೆ ಎಂದು ಮೊದಲ ದಿನವೇ ಬರೆಸಿದ್ದರು. ಹೀಗೆ ಬರೆಸಲು ಹೇಳಿದವಳು ಅಕ್ಕ ಎನ್ನುವುದನ್ನು ಭಾವ ಇಂದಿಗೂ ಒಪ್ಪುವುದಿಲ್ಲ.

ಹೆಜ್ಜೆ 2: ನಿಮ್ಮ ಕೀ ಯಾವ ಜಾತಿಯದು ತಿಳಿದುಕೊಳ್ಳಿ

ಹಳೇ ಮಾರುತಿ 800, ಓಮ್ನಿಗಳ ಕೀ ಬರೀ ಲೋಹದ ತುಂಡು. ಅದರಲ್ಲಿ ಚಿಪ್ ಇಲ್ಲ. ಬೀದಿ ಬದಿಯಲ್ಲಿ ಕೀ ಮಾಡುವವನು ಹತ್ತು ನಿಮಿಷದಲ್ಲಿ ನಕಲು ತೆಗೆದುಕೊಡುತ್ತಾನೆ. ಇಂಥ ಕಾರಿದ್ದವರು ನೇರ ಮೂರನೆಯ ಹೆಜ್ಜೆಗೆ ಹೋಗಬಹುದು.

ಆಮೇಲೆ ಬಂದ ಕಾರುಗಳ ಕೀ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಕೀ ತಿರುಗಿಸಿದಾಗ ಕಾರಿನ ಕಂಪ್ಯೂಟರ್ ಆ ಚಿಪ್‌ನ ಗುರುತು ಕೇಳುತ್ತದೆ, ಹೊಂದದಿದ್ದರೆ ಇಂಜಿನ್ ಹತ್ತುವುದಿಲ್ಲ. ಇದಕ್ಕೆ ಇಮ್ಮೊಬಿಲೈಸರ್ ಎಂದು ಹೆಸರು. ಇದಿಲ್ಲದಿದ್ದರೆ ಏನಾಗುತ್ತದೆಂದು 2021-22ರಲ್ಲಿ ಅಮೆರಿಕ ನೋಡಿತು. ಅಲ್ಲಿ ಇಮ್ಮೊಬಿಲೈಸರ್ ಇಲ್ಲದೆ ಮಾರಿದ್ದ ಕಿಯಾ, ಹ್ಯುಂಡೈ ಕಾರುಗಳನ್ನು ಹದಿಹರೆಯದ ಹುಡುಗರು ಸ್ಟೀರಿಂಗ್ ಕೆಳಗಿನ ಮುಚ್ಚಳ ಕಿತ್ತು, ಕೀ ತಿರುಗಿಸುವ ಜಾಗವನ್ನು ಯುಎಸ್‌ಬಿ ಕೇಬಲ್‌ನ ತುದಿಯಿಂದ ತಿರುಗಿಸಿ ಓಡಿಸಿಕೊಂಡು ಹೋದರು.

ಮೂರನೆಯದು ಜೇಬಿನಲ್ಲೇ ಇರುವ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಕೀ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ನೀವು ಬಾಗಿಲ ಹಿಡಿ ಮುಟ್ಟಿದಾಗ ಕಾರು ಸುಮಾರು 125 ಕಿಲೋಹರ್ಟ್ಜ್‌ನ, ಕಡಿಮೆ ಕಂಪನದ ರೇಡಿಯೊ ಅಲೆಯಲ್ಲಿ ಕೀಯನ್ನು ಕರೆಯುತ್ತದೆ. ಆ ಕರೆ ಪಿಸುಮಾತಿನಂಥದ್ದು, ಒಂದೆರಡು ಮೀಟರ್ ದಾಟುವುದಿಲ್ಲ. ಅದು ಕೇಳಿದ ಕೂಡಲೇ ಕೀ 433 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಜೋರಾಗಿ ಓಗೊಡುತ್ತದೆ. ಕರೆ ಕೇಳಿಸಿತು ಎಂದರೆ ಕೀ ಹತ್ತಿರವೇ ಇದೆ ಎಂಬುದು ಕಾರಿನ ಲೆಕ್ಕ. ಕಳ್ಳರು ಆ ಲೆಕ್ಕವನ್ನೇ ತಪ್ಪಿಸುತ್ತಾರೆ. ಒಬ್ಬ ಕಾರಿನ ಬಾಗಿಲ ಬಳಿ, ಇನ್ನೊಬ್ಬ ಮನೆಯ ಗೋಡೆ ಅಥವಾ ಮುಂಬಾಗಿಲ ಬಳಿ ಒಂದೊಂದು ಉಪಕರಣ ಹಿಡಿದು ನಿಲ್ಲುತ್ತಾರೆ. ಕಾರಿನ ಪಿಸುಮಾತನ್ನು ಮೊದಲಿನವನ ಪೆಟ್ಟಿಗೆ ಎರಡನೆಯವನಿಗೆ ಮುಟ್ಟಿಸುತ್ತದೆ, ಅವನ ಪೆಟ್ಟಿಗೆ ಅದನ್ನು ಗೋಡೆಯಾಚೆಯ ಕೀಗೆ ಕೇಳಿಸುತ್ತದೆ. ಕೀ ಮುಗ್ಧವಾಗಿ ಓಗೊಡುತ್ತದೆ. ಬಾಗಿಲು ತೆರೆಯುತ್ತದೆ, ಇಂಜಿನ್ ಹತ್ತುತ್ತದೆ, ಒಮ್ಮೆ ಹತ್ತಿದರೆ ಕೀ ದೂರವಾದರೂ ಸಾಮಾನ್ಯವಾಗಿ ಇಂಜಿನ್ ನಿಲ್ಲುವುದಿಲ್ಲ. ಓಡುವ ಕಾರು ನಡುರಸ್ತೆಯಲ್ಲಿ ನಿಂತರೆ ಅಪಾಯ ಎಂದು ಹಾಗೆ ಮಾಡಿರುತ್ತಾರೆ.

ಇದಕ್ಕೆ ಮದ್ದು ಅಗ್ಗದ್ದು. ಲೋಹದ ನೂಲು ನೇಯ್ದ, ಅಲೆಗಳನ್ನು ತಡೆಯುವ ಕೀ ಚೀಲ ಸಿಗುತ್ತದೆ. 'ಫ್ಯಾರಡೆ ಪೌಚ್' ಎಂದು ಹುಡುಕಿದರೆ ಆನ್‌ಲೈನಿನಲ್ಲಿ ಸಾಲುಸಾಲು. ಎಲ್ಲವೂ ಕೆಲಸ ಮಾಡುತ್ತವೆ ಎಂದು ನಂಬಬೇಡಿ. ಹೀಗೆ ಪರೀಕ್ಷಿಸಿ: ಕೀಯನ್ನು ಚೀಲದೊಳಗೆ ಹಾಕಿ ಮುಚ್ಚಿ, ಚೀಲ ಕೈಯಲ್ಲಿ ಹಿಡಿದು ಕಾರಿಗೆ ತಾಗಿ ನಿಂತು ಬಾಗಿಲ ಹಿಡಿ ಎಳೆಯಿರಿ. ಬಾಗಿಲು ತೆರೆದುಕೊಂಡರೆ ಚೀಲ ವಾಪಸು ಕಳಿಸಿ. ಮಡಚಿ ಮಡಚಿ ಒಳಗಿನ ಪದರ ಹರಿಯುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಬೇಕು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟರೆ ಸಾಕೇ ಎಂದು ಕೇಳುವವರಿಗೂ ಉತ್ತರ ಇಷ್ಟೇ, ಡಬ್ಬಿ ಹಿಡಿದು ಕಾರಿನ ಬಳಿ ಹೋಗಿ ನೋಡಿ. ಎರಡನೆಯ ಕೀಗೂ ಚೀಲ ಬೇಕು. ಬೀರುವಿನಲ್ಲಿ ಮಲಗಿದ್ದರೂ ಅದು ಓಗೊಡುತ್ತಲೇ ಇರುತ್ತದೆ.

ಕೆಲವು ಕೀಗಳಲ್ಲಿ ಸಿಗ್ನಲ್ ನಿಲ್ಲಿಸುವ ಗುಟ್ಟು ಇರುತ್ತದೆ. ಟೊಯೊಟಾದ ಹಲವು ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಬಟನ್ ಎರಡು ಸಲ ಒತ್ತಿದರೆ ಕೀಯ ಸಣ್ಣ ದೀಪ ನಾಲ್ಕು ಸಲ ಮಿಣುಕಿ, ಕೀ ನಿದ್ದೆ ಹೋಗುತ್ತದೆ. ಬ್ಯಾಟರಿ ಉಳಿಸಲು ಕೊಟ್ಟ ಸೌಲಭ್ಯ ಇದು, ಕಳ್ಳರ ವಿರುದ್ಧವೂ ನಡೆಯುತ್ತದೆ. ಇನ್ನು ಕೆಲವು ಹೊಸ ಕೀಗಳು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ತಾವೇ ಮಲಗುತ್ತವೆ. ನಿಮ್ಮದರಲ್ಲಿ ಏನಿದೆ ಎಂದು ತಿಳಿಯಲು ಕಾರಿನ ಜೊತೆ ಬಂದ, ಯಾರೂ ಬಿಚ್ಚದ ಆ ದಪ್ಪ ಪುಸ್ತಕ ಬಿಚ್ಚಬೇಕು.

ಹೆಜ್ಜೆ 3: ಕಂಪ್ಯೂಟರಿಗೆ ಮಣಿಯದ ಒಂದು ಕಬ್ಬಿಣ

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಕಿಂಡಿ ಇರುತ್ತದೆ. ಒಬಿಡಿ ಪೋರ್ಟ್ ಅಂತ ಕರೆಯುತ್ತಾರೆ. ಸರ್ವಿಸ್ ಸೆಂಟರಿನ ಹುಡುಗರು ಕಾರಿನ ಕಾಯಿಲೆ ಪತ್ತೆ ಮಾಡುವುದು ಅಲ್ಲಿಂದಲೇ, ಕೀ ಕಳೆದುಕೊಂಡವರಿಗೆ ಹೊಸ ಕೀ ನೋಂದಾಯಿಸುವುದೂ ಬಹುತೇಕ ಅಲ್ಲಿಂದಲೇ. ಅದೇ ಕೆಲಸ ಮಾಡುವ ಟ್ಯಾಬ್ಲೆಟ್‌ನಂಥ ಉಪಕರಣ ಕಳ್ಳರ ಕೈಗೂ ಸಿಗುತ್ತದೆ. ದೆಹಲಿ ಸುತ್ತಮುತ್ತ ಪೊಲೀಸರು ಹಿಡಿದ ಎಷ್ಟೋ ಗುಂಪುಗಳ ಬಳಿ ಇಂಥವು ಸಿಕ್ಕಿವೆ. ಗಾಜು ಒಡೆದು, ಉಪಕರಣ ಸಿಕ್ಕಿಸಿ, ಖಾಲಿ ಕೀಗೆ ಜೀವ ತುಂಬಿ ಹೊರಡಲು ಅವರಿಗೆ ಕೆಲವೇ ನಿಮಿಷ ಸಾಕು. ಲಂಡನ್ನಿನಲ್ಲಿ 2022ರಲ್ಲಿ ಕಳವಾದ ಒಂದು ಟೊಯೊಟಾ ರಾವ್4 ಪ್ರಕರಣದಲ್ಲಿ ಕಳ್ಳರು ಮುಂದಿನ ದೀಪದ ಬಳಿಯ ತಂತಿಗಳಿಂದಲೇ ಕಾರಿನ ಒಳಜಾಲಕ್ಕೆ ಇಳಿದಿದ್ದರು. ಕಾರಿನ ಒಡೆಯ ಸ್ವತಃ ವಾಹನ ಸೈಬರ್ ಸುರಕ್ಷತೆಯ ಸಂಶೋಧಕ. ಅವನ ಕಾರನ್ನೂ ಬಿಡಲಿಲ್ಲ.

ಹೀಗೆ ಕಂಪ್ಯೂಟರನ್ನು ಯಾಮಾರಿಸುವವನ ಮುಂದೆ ಕಂಪ್ಯೂಟರಿಲ್ಲದ ಬೀಗವೇ ಗಟ್ಟಿ. ನನ್ನ ಆಯ್ಕೆ ಗೇರ್ ಲಾಕ್. ಚಾಸಿಗೆ ಬೋಲ್ಟ್ ಹಾಕಿ ಕೂರಿಸುತ್ತಾರೆ, ಗೇರ್ ಕಡ್ಡಿಯನ್ನು ಹಿಡಿದು ನಿಲ್ಲಿಸುತ್ತದೆ. ಮಾಡೆಲ್‌ಗೆ ತಕ್ಕದ್ದು ಸಿಗುತ್ತದೆ, ಆಟೊಮ್ಯಾಟಿಕ್‌ಗೂ ಬರುತ್ತದೆ. ಸ್ಟೀರಿಂಗ್‌ಗೆ ಅಡ್ಡ ಹಾಕುವ ಸರಳು ಅಷ್ಟು ಗಟ್ಟಿಯಲ್ಲ, ಸ್ಟೀರಿಂಗ್ ಚಕ್ರವನ್ನೇ ಕತ್ತರಿಸಿ ಅದನ್ನು ಬಿಡಿಸಿಕೊಳ್ಳಬಹುದು. ಆದರೆ ಹೊರಗಿನಿಂದ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿದ ಕಳ್ಳನಿಗೆ ಪಕ್ಕದ ಕಾರು ಸುಲಭ ಅನ್ನಿಸುತ್ತದೆ. ಪಕ್ಕದ ಕಾರಿನವರ ಬಗ್ಗೆ ಪಾಪ ಅನ್ನಿಸಿದರೆ ಈ ಲೇಖನ ಅವರಿಗೂ ಕಳಿಸಿ. ಒಬಿಡಿ ಕಿಂಡಿಗೆ ಹಾಕುವ ಲೋಹದ ಮುಚ್ಚಳ ಬೀಗವೂ ಇದೆ.

ಗೇರ್ ಲಾಕ್ ಕೀಯನ್ನು ಕಾರಿನ ಕೀ ಗೊಂಚಲಿಗೇ ಪೋಣಿಸಬೇಡಿ. ಭಾವ ಮಾಡಿದ್ದು ಅದೇ. ಅವರ ಕಾರಿನಲ್ಲಿ ಗೇರ್ ಲಾಕ್ ಇತ್ತು, ಹಾಕಿಯೂ ಇತ್ತು.

ಹಳೇ ಕಾರಿನವರು ಪೆಟ್ರೋಲ್ ಪಂಪಿನ ತಂತಿಗೆ ಗುಟ್ಟಾದ ಒಂದು ಸ್ವಿಚ್ ಹಾಕಿಸಿಕೊಳ್ಳಬಹುದು. ಗೊತ್ತಿರುವ ಆಟೊ ಎಲೆಕ್ಟ್ರಿಷಿಯನ್ ಬಳಿಯೇ ಮಾಡಿಸಿ, ಎಲ್ಲಿದೆ ಎಂದು ಮನೆಯವರಿಗೆ ಮಾತ್ರ ಹೇಳಿ. ವಾರಂಟಿ ಇರುವ ಕಾರಿನಲ್ಲಿ ತಂತಿ ಕತ್ತರಿಸಿದರೆ ವಾರಂಟಿಗೆ ಕುತ್ತು.

ಜಿಪಿಎಸ್ ಬಗ್ಗೆ ಎರಡೇ ಮಾತು. ಅದು ಕಳವು ತಡೆಯುವುದಿಲ್ಲ, ಕಳವಾದ ಮೇಲೆ ಹುಡುಕಲು ನೆರವಾಗುತ್ತದೆ, ಅದೂ ಒಳಗಿನ ಸಿಮ್ ರೀಚಾರ್ಜ್ ಆಗಿದ್ದರೆ. ಕಾರಿನ ಜೊತೆ ಬಂದ ಮೊಬೈಲ್ ಆ್ಯಪ್ ಇದ್ದರೆ ಉಚಿತ ಅವಧಿ ಮುಗಿದಿದೆಯೇ ನೋಡಿ. ಕೆಲವು ಕಂಪನಿಗಳ ಆ್ಯಪ್‌ನಲ್ಲಿ ದೂರದಿಂದಲೇ ಇಂಜಿನ್ ಮತ್ತೆ ಹತ್ತದಂತೆ ತಡೆಯುವ ಸೌಲಭ್ಯ ಇರುತ್ತದೆ.

ಹೆಜ್ಜೆ 4: ಕೀ ಯಾರ್ಯಾರ ಕೈಗೆ ಹೋಗುತ್ತದೆ

ಬೇಕರಿ ಮುಂದೆ 'ಒಂದು ನಿಮಿಷ' ಎಂದು ಇಂಜಿನ್ ಆನ್ ಇಟ್ಟು ಇಳಿಯುವುದು, ಮಗು ಮಲಗಿದೆ ಎಂದು ಏಸಿ ಹಾಕಿಟ್ಟು ಮೆಡಿಕಲ್ ಸ್ಟೋರಿಗೆ ಓಡುವುದು, ಎರಡೂ ಬೇಡ. ಎರಡನೆಯದರಲ್ಲಿ ಹೋಗುವುದು ಕಾರು ಮಾತ್ರವಲ್ಲ.

ರಿಮೋಟ್ ಒತ್ತಿ ತಿರುಗಿ ನೋಡದೆ ನಡೆಯುವವರು ಒಮ್ಮೆ ಹಿಡಿ ಎಳೆದು ನೋಡಿ ಹೋಗಿ. ಜಾಮರ್ ಇಟ್ಟುಕೊಂಡು ಹತ್ತಿರ ನಿಂತವನಿದ್ದರೆ ನಿಮ್ಮ ಲಾಕ್ ಸಿಗ್ನಲ್ ಕಾರಿಗೆ ತಲುಪಿರುವುದಿಲ್ಲ.

ಬೆಂಗಳೂರಿನ ಪತ್ರಿಕೆಗಳಲ್ಲಿ 'ಗಮನ ಬೇರೆಡೆ ಸೆಳೆದು ಕಳವು' ಎಂಬ ಸುದ್ದಿ ಓದಿಯೇ ಇರುತ್ತೀರಿ. ಬ್ಯಾಂಕ್ ಅಥವಾ ಉಪನೋಂದಣಿ ಕಚೇರಿ ಮುಂದೆ ಕಾರು ನಿಂತಿರುತ್ತದೆ. ಒಬ್ಬ ಬಂದು ಗಾಜು ತಟ್ಟುತ್ತಾನೆ: 'ಸಾರ್, ನಿಮ್ಮ ದುಡ್ಡು ಬಿದ್ದಿದೆ ನೋಡಿ.' ಕೆಳಗೆ ಹತ್ತರ ನಾಲ್ಕು ನೋಟು. ಇಲ್ಲವೇ 'ಇಂಜಿನ್ ಆಯಿಲ್ ಸೋರುತ್ತಿದೆ' ಅಥವಾ 'ಟೈರ್ ಪಂಚರ್' ಎನ್ನುತ್ತಾನೆ. ನೀವು ಇಳಿದು ಬಗ್ಗುವಷ್ಟರಲ್ಲಿ ಇನ್ನೊಂದು ಬದಿಯಿಂದ ಬ್ಯಾಗು ಮಾಯ, ಕೀ ಅಲ್ಲೇ ಇದ್ದರೆ ಕಾರೂ. ಯಾರು ಏನೇ ಹೇಳಲಿ, ಇಂಜಿನ್ ಆಫ್ ಮಾಡಿ, ಕೀ ಕೈಗೆ ತೆಗೆದುಕೊಂಡು, ಬಾಗಿಲು ಲಾಕ್ ಮಾಡಿ ಆಮೇಲೆ ನೋಟು ನೋಡಿ. ಹತ್ತಿರ ಜನ ಇಲ್ಲದ ಜಾಗವಾದರೆ ಇಳಿಯಲೇಬೇಡಿ, ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಓಡಿಸಿ.

ತೀರ್ಥಯಾತ್ರೆಗೆ ಹೊರಟವರಿಗೆ ಒಂದು ಮಾತು. ಕುಕ್ಕೆಯ ಕುಮಾರಧಾರಾ, ಶ್ರೀರಂಗಪಟ್ಟಣದ ಸಂಗಮ, ಗೋಕರ್ಣದ ಕಡಲು, ಎಲ್ಲಿ ನೋಡಿದರೂ ಮೆಟ್ಟಿಲ ಮೇಲೆ ಪ್ಯಾಂಟು ಮಡಚಿಟ್ಟು, ಅದರ ಜೇಬಿನಲ್ಲಿ ಕೀ, ಮೊಬೈಲು, ಪರ್ಸು ಬಿಟ್ಟು ಮನೆಮಂದಿಯೆಲ್ಲ ನೀರಿಗಿಳಿದಿರುತ್ತಾರೆ. ಒಬ್ಬರು ಬಟ್ಟೆ ಕಾಯಲಿ, ಅವರು ಆಮೇಲೆ ಮುಳುಗಲಿ. ಕೀ ಸೊಂಟಕ್ಕೆ ಕಟ್ಟಿಕೊಂಡು ಇಳಿಯುವ ಜಾಣತನವೂ ಬೇಡ. ರಿಮೋಟ್ ಕೀಗೆ ಉಪ್ಪುನೀರು ವಿಷ, ಹೊಸದಕ್ಕೆ ಸಾವಿರಾರು ರೂಪಾಯಿ.

ಮದುವೆ ಛತ್ರದಲ್ಲಿ, ಹೋಟೆಲಿನಲ್ಲಿ ಕಾರು ನಿಲ್ಲಿಸುವ ಹುಡುಗನಿಗೆ ಕಾರಿನ ಕೀ ಒಂದನ್ನೇ ಕೊಡಿ. ಮನೆಯ ಕೀ ಸಮೇತ ಇಡೀ ಗೊಂಚಲು ಕೊಡುವವರಿದ್ದಾರೆ, ಕಾರಿನಲ್ಲಿ ವಿಳಾಸ ಇರುವ ಆರ್‌ಸಿ ಬೇರೆ. ಚೀಟಿ ಪಡೆಯದೆ ಒಳಗೆ ಹೋಗಬೇಡಿ. ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವವರಿಗೆ ಹೊರಗೆ ತೊಳೆಯಲು ಕೀ ಬೇಕಿಲ್ಲ, ಒಳಗೆ ಗುಡಿಸುವ ದಿನ ನೀವೇ ಇಳಿದು ಹೋಗಿ ತೆರೆದುಕೊಡಿ. ಅವರ ಮೇಲಿನ ಅನುಮಾನಕ್ಕೆ ಹೇಳುತ್ತಿಲ್ಲ. ಇಪ್ಪತ್ತು ಮನೆಯ ಕೀ ಒಂದೇ ಬಕೆಟಿನಲ್ಲಿದ್ದರೆ ಕದಿಯಲು ಬರುವವನು ಹೊರಗಿನವನೇ ಆಗಿರಬಹುದು.

ಬಿಳಿ ಬೋರ್ಡಿನ ಸ್ವಂತ ಕಾರನ್ನು 'ತಿಂಗಳಿಗೆ ಇಷ್ಟು ಕೊಡುತ್ತೇವೆ' ಎಂದವರಿಗೆ ಬಾಡಿಗೆಗೆ ಕೊಟ್ಟು, ಅದು ಎಲ್ಲೋ ಅಡವು ಬಿದ್ದು ಮಾಯವಾದ ಪ್ರಕರಣಗಳೂ ಬರುತ್ತಿರುತ್ತವೆ. ನೀವಾಗಿ ಕೀ ಕೊಟ್ಟಿದ್ದರಿಂದ ಅದು ಕಳವೋ ವಂಚನೆಯೋ ಎಂಬ ತಕರಾರು ಏಳುತ್ತದೆ, ಖಾಸಗಿ ಕಾರು ಬಾಡಿಗೆಗೆ ಓಡಿಸಿದ್ದೂ ಸೇರಿದರೆ ವಿಮೆ ಹಣ ಸಿಗುವುದು ಬಹಳ ಕಷ್ಟ.

ಹೆಜ್ಜೆ 5: ಸೆಕೆಂಡ್ ಹ್ಯಾಂಡ್ ಕಾರಾದರೆ

ಮಾರಿದವನೇ ಒಂದು ಕೀ ಉಳಿಸಿಕೊಂಡು, ಕಾರಿನೊಳಗೆ ಜಿಪಿಎಸ್ ಅಡಗಿಸಿಟ್ಟು, ಕೆಲವು ದಿನದ ನಂತರ ಬಂದು ಕದ್ದೊಯ್ದ ಘಟನೆಗಳು ನಮ್ಮ ದೇಶದಲ್ಲಿ ನಡೆದಿವೆ. ಹಳೇ ಕಾರು ಕೊಂಡ ವಾರದಲ್ಲೇ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಕಾರಿನ ಕಂಪ್ಯೂಟರಿನಲ್ಲಿ ಎಷ್ಟು ಕೀ ನೋಂದಣಿಯಾಗಿದೆ ಎಂದು ನೋಡಿಸಿ. ನಿಮ್ಮ ಕೈಯಲ್ಲಿ ಎರಡಿದ್ದು ಅಲ್ಲಿ ಮೂರು ಕಂಡರೆ ಎಲ್ಲ ಅಳಿಸಿ, ನಿಮ್ಮವನ್ನು ಮಾತ್ರ ಹೊಸದಾಗಿ ಸೇರಿಸಲು ಹೇಳಿ. ಹಿಂದಿನ ಒಡೆಯರ ಮೊಬೈಲ್ ಆ್ಯಪ್ ಕಾರಿಗೆ ಜೋಡಣೆಯಾಗಿ ಉಳಿದಿದ್ದರೆ ಅದನ್ನೂ ತೆಗೆಸಿ.

ಕೊಳ್ಳುವ ಮೊದಲೇ 17 ಅಕ್ಷರ-ಅಂಕೆಗಳ ಚಾಸಿ ನಂಬರನ್ನು ಕಾರಿನ ಮೇಲೆ, ಆರ್‌ಸಿಯಲ್ಲಿ ಎರಡೂ ಕಡೆ ಓದಿ ತಾಳೆ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 'ವಾಹನ ಸಮನ್ವಯ' ಜಾಲತಾಣದಲ್ಲಿ ಆ ವಾಹನ ಕಳವಿನ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ಮಾರುವವರಿಗೂ ಒಂದು ಎಚ್ಚರಿಕೆ: ಓಡಿಸಿ ನೋಡುತ್ತೇನೆ ಎಂದವನ ಪಕ್ಕದ ಸೀಟಿನಲ್ಲಿ ನೀವಿರಬೇಕು. ಅವನ ಸ್ಕೂಟರನ್ನು ಒತ್ತೆಯಾಗಿ ನಿಲ್ಲಿಸಿಕೊಂಡಿದ್ದೇನೆ ಎಂದು ಸಮಾಧಾನ ಪಡಬೇಡಿ, ಆ ಸ್ಕೂಟರೂ ಕದ್ದದ್ದಿರಬಹುದು.

ಹೆಜ್ಜೆ 6: ಹೋಗಿಯೇಬಿಟ್ಟರೆ

ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದರೆ ಸಂಚಾರ ಪೊಲೀಸರು ಎತ್ತಿಕೊಂಡು ಹೋಗಿದ್ದಾರೆಯೇ, ಸಾಲದ ಕಂತು ಬಾಕಿ ಇದ್ದರೆ ಫೈನಾನ್ಸ್‌ನವರು ಒಯ್ದಿದ್ದಾರೆಯೇ, ಇವೆರಡನ್ನು ಕೇಳಿಕೊಳ್ಳಿ. ಇಲ್ಲ ಎಂದರೆ ತಕ್ಷಣ 112ಕ್ಕೆ ಕರೆ ಮಾಡಿ. ನಂಬರು, ಬಣ್ಣ, ಬಂಪರಿನ ಮೇಲಿನ ಗೀರು, ಹಿಂದಿನ ಗಾಜಿನ ಸ್ಟಿಕ್ಕರು ಎಲ್ಲ ಹೇಳಿ.

ಅನಂತರ ಫಾಸ್ಟ್ಯಾಗ್ ನೋಡಿ. ಕಳ್ಳ ಅದನ್ನು ಕೀಳಲು ಮರೆತಿದ್ದರೆ ಮೊದಲ ಟೋಲಿನಲ್ಲೇ ನಿಮ್ಮ ಮೊಬೈಲಿಗೆ ಹಣ ಕಡಿತದ ಸಂದೇಶ ಬರುತ್ತದೆ. ಗಾಬರಿಯಲ್ಲಿ ಅದನ್ನು ಬ್ಲಾಕ್ ಮಾಡಿಬಿಡಬೇಡಿ, ಪೊಲೀಸರಿಗೆ ತೋರಿಸಿ ಅವರು ಹೇಳಿದಂತೆ ಮಾಡಿ. ಬೀದಿಯ ಅಂಗಡಿ, ಮನೆಗಳ ಸಿಸಿಟಿವಿ ಇರುವವರಿಗೆ ಅಂದೇ ಹೇಳಿ. ಕೆಲವು ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಅಚ್ಚಾಗಿಬಿಡುತ್ತದೆ.

ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. 2024ರ ಜುಲೈ 1ರ ನಂತರದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303 ಹಾಕುತ್ತಾರೆ, ಹಳೆಯ 379ರ ಜಾಗದಲ್ಲಿ. ಮನೆಯೊಳಗಿನಿಂದಲೇ ಕೀ ಕದ್ದಿದ್ದರೆ ಬೇರೆ ಕಲಂಗಳೂ ಸೇರಬಹುದು. ನಮ್ಮದಲ್ಲದ ಠಾಣೆ ಎಂದು ವಾಪಸು ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಎರಡೂ ಕೀ ಎಲ್ಲಿದ್ದವು ಎಂಬುದು ದೂರಿನಲ್ಲಿ ಇರಲಿ. ಇದ್ದದ್ದನ್ನೇ ಬರೆಸಿ. ಕೀ ಕಾರಿನಲ್ಲೇ ಇತ್ತು ಎಂಬುದನ್ನು ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ವಿಮೆ ಹಣದ ಮೇಲೆ ಇರುವ ಹಕ್ಕೂ ಹೋಗುತ್ತದೆ. ಕೀ ಬಿಟ್ಟು ಇಳಿದದ್ದು ನಿರ್ಲಕ್ಷ್ಯ ಎಂದು ವಿಮೆ ಕಂಪನಿ ಪರಿಹಾರವನ್ನು ಪೂರ್ತಿ ನಿರಾಕರಿಸಿದ ಒಂದು ಲಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಶೇಕಡಾ 75ರಷ್ಟು ಕೊಡಿಸಿದೆ.

ವಿಮೆ ಕಂಪನಿಗೆ ಅದೇ ದಿನ ತಿಳಿಸಿ. ತಡವಾದರೂ ಕೈಚೆಲ್ಲಬೇಡಿ: ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕಳವಿನ ಪರಿಹಾರ ನಿರಾಕರಿಸುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಥರ್ಡ್ ಪಾರ್ಟಿ ವಿಮೆ ಒಂದೇ ಇದ್ದರೆ ಮಾತ್ರ ಕಳವಿಗೆ ಏನೂ ಸಿಗುವುದಿಲ್ಲ. ಸಮಗ್ರ ವಿಮೆಯಲ್ಲೂ ಸಿಗುವುದು ಪಾಲಿಸಿಯಲ್ಲಿ ನಮೂದಾದ ಮೌಲ್ಯ. ಮೂರು ವರ್ಷ ದಾಟಿ ನಾಲ್ಕು ತುಂಬದ ಕಾರಿಗೆ ಅದನ್ನು ಸಾಮಾನ್ಯವಾಗಿ ಶೇಕಡಾ 40ರಷ್ಟು ಸವಕಳಿ ಕಳೆದು ಲೆಕ್ಕ ಹಾಕಿರುತ್ತಾರೆ. ಸಾಲ ಇದ್ದರೆ ಬ್ಯಾಂಕಿಗೂ ಹೇಳಿ. ಕಾರು ಹೋಯಿತೆಂದು ಕಂತು ನಿಲ್ಲುವುದಿಲ್ಲ. ಆರ್‌ಟಿಒಗೆ ಪತ್ರ ಕೊಟ್ಟರೆ ಬೇರೆಯವರ ಹೆಸರಿಗೆ ವರ್ಗಾವಣೆಯಾಗದಂತೆ ದಾಖಲೆಯಲ್ಲಿ ತಡೆ ಹಾಕುತ್ತಾರೆ.

ಪೊಲೀಸರು ಹುಡುಕಿ, ಸಿಗದಿದ್ದರೆ ನ್ಯಾಯಾಲಯಕ್ಕೆ 'ಸಿ' ರಿಪೋರ್ಟ್ ಸಲ್ಲಿಸುತ್ತಾರೆ. ಪತ್ತೆಯಾಗಲಿಲ್ಲ ಎಂಬ ವರದಿ ಅದು. ವಿಮೆ ಹಣ ಕೈಗೆ ಬರಲು ಆ ಕಾಗದ ಬೇಕೇ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆಗಾಗ ಠಾಣೆಗೆ ಹೋಗಿ ನೆನಪಿಸುತ್ತಿರಿ.

ಅದಕ್ಕೂ ಮೊದಲು ಕಾರು ಸಿಕ್ಕಿತು ಎಂದು ಫೋನ್ ಬಂದರೆ, ಆರ್‌ಸಿ ಮತ್ತು ವಿಮೆ ಪ್ರತಿ ಹಿಡಿದು ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಮಧ್ಯಂತರ ವಶಕ್ಕೆ ಪಡೆಯಬಹುದು. ಠಾಣೆಯ ಆವರಣದಲ್ಲಿ ತುಕ್ಕು ಹಿಡಿಯುವವರೆಗೆ ಕಾಯಬೇಕಿಲ್ಲ. ವಾಪಸು ತಂದ ಕಾರನ್ನು ಮನೆಗೆ ಒಯ್ಯಬೇಡಿ, ನೇರ ಸರ್ವಿಸ್ ಸೆಂಟರಿಗೆ ಬಿಡಿ. ಹಳೆಯ ಕೀಗಳನ್ನೆಲ್ಲ ಅಳಿಸಿ, ಬಾಗಿಲಿನ ಬೀಗ ಬದಲಿಸಿ, ಹೊಸ ಕೀ ಕೈಗೆ ಬಂದ ಮೇಲೆ ಮನೆಮುಂದೆ ನಿಲ್ಲಿಸಿ. ಕದ್ದವನ ಜೇಬಿನಲ್ಲಿ ಇನ್ನೂ ಒಂದು ಇರಬಹುದು.